ವೆಸ್ಟರ್‌ವೀರ್ ಪುರಭವನದ ಮುದ್ರೆ ಕಳವು

1497ರ ಮಾರ್ಚ್ ಆರು, ಸೋಮವಾರ. ಬೆಳಿಗ್ಗೆ ಏಳು ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ವೆಸ್ಟರ್‌ವೀರ್ ಪುರಸಭೆಯ ಗುಮಾಸ್ತ ಬೌದೆವೈನ್ ದಂಡಾಧಿಕಾರಿ ಗೇರ್‌ಲೋಫನ ಕಚೇರಿಗೆ ಬಂದು ದೂರು ಬರೆಸಿದ. ಪೇಟೆಯ ದೊಡ್ಡ ಮುದ್ರೆ ಕಳುವಾಗಿತ್ತು.

"ಬುಧವಾರ ನಮ್ಮ ಪ್ರತಿನಿಧಿಗಳು ಹೇಗ್ ಪಟ್ಟಣಕ್ಕೆ ಹೊರಡಬೇಕು ಸ್ವಾಮಿ. ದೊರೆಯ ಯುದ್ಧಕ್ಕೆ ಸಾಲ ಎತ್ತೋಕೆ ಪ್ರಾಂತದ ಸಭೇಲಿ ನಮ್ಮೂರೂ ಒಪ್ಪಬೇಕು. ಒಪ್ಪಿಗೆ ಪತ್ರಕ್ಕೆ ಮುದ್ರೆ ಇಲ್ಲದಿದ್ರೆ ಅದು ಬರೀ ಕಾಗದ."

ಗೇರ್‌ಲೋಫ್ ಪೇದೆ ವಿಗ್ಗರನನ್ನು ಕರೆದುಕೊಂಡು ಪುರಭವನಕ್ಕೆ ಹೋದ. ಎಂಟು ಗಂಟೆಗೆ ಇಬ್ಬರು ಪಂಚರ ಎದುರು ಮಹಜರು ನಡೆಯಿತು. ಮುದ್ರೆ ಇಡುವ ಪೆಟ್ಟಿಗೆಯ ಮೂರು ಬೀಗಗಳೂ ನೆಟ್ಟಗಿದ್ದವು. ಒಳಗಿನ ತೊಗಲು ಚೀಲದಲ್ಲಿ ಮುದ್ರೆಯ ಬದಲು ಸೀಸದ ಒಂದು ಗುಂಡಿತ್ತು.

"ಮುದ್ರೆ ಕೊನೆಗೆ ನೋಡಿದ್ದು ಯಾವಾಗ?"

"ಶನಿವಾರ ಮಧ್ಯಾಹ್ನ. ನೇಕಾರರ ಪತ್ರಕ್ಕೆ ಒತ್ತಿದ್ವಿ."

"ಚೀಲಕ್ಕೆ ಹಾಕಿದ್ದು ಯಾರು?"

ಗುಮಾಸ್ತ ತಡವರಿಸಿದ. "ಮೇಣ ಕೆರೆದು ತೊಳೆಯೋಕೆ ಕೆಲಸದವಳಿಗೆ ಕೊಟ್ಟಿದ್ದೆ. ಚೀಲಕ್ಕೆ ಹಾಕಿ ವಾಪಸ್ ಕೊಟ್ಟಳು. ಭಾರ ಇತ್ತು, ಬೀಗ ಹಾಕಿದ್ವಿ."

"ಬಿಚ್ಚಿ ನೋಡಲಿಲ್ಲ."

"ಇಲ್ಲ."

ವಿಗ್ಗರ್ ಗುಂಡನ್ನು ತಿರುಗಿಸಿ ನೋಡಿದ. ತಳದಲ್ಲಿ ಕುಳಿ, ಕುಳಿಯಲ್ಲಿ ಹಳೆಯ ಕೊಬ್ಬು. "ಇದು ದೋಣಿಯವರದು ಸ್ವಾಮಿ, ನೀರಿನ ಆಳ ನೋಡೋದು. ಕೊಬ್ಬು ಸವರಿ ಇಳಿಬಿಟ್ರೆ ತಳದ ಮಣ್ಣು ಅಂಟಿಕೊಂಡು ಬರುತ್ತೆ."

ಕೆಲಸದವಳ ಹೆಸರು ಹಿಲ್ಲೆಗೊಂಡ್. ದೋಣಿಕಾರ ಯೋಸ್ಟನ ವಿಧವೆ. ಆ ಹೆಂಗಸನ್ನು ಗೇರ್‌ಲೋಫ್ ಬಲ್ಲ. ಹೋದ ವರ್ಷ ಪುರಸಭೆಯ ಬಾಗಿಲಲ್ಲಿ ಅವಳನ್ನು ಐದಾರು ಸಲ ತಡೆದು, ಅರ್ಜಿ ಇಸಕೊಂಡು, ಮನೆಗೆ ಕಳಿಸಿದವನು ಅವನೇ.

ಹತ್ತು ಗಂಟೆಗೆ ಅವರು ಹೋದಾಗ ಅವಳು ಕಾಲುವೆ ದಡದ ಮನೆಯಲ್ಲಿ ಬಟಾಣಿ ಬೇಯಿಸುತ್ತಿದ್ದಳು. ಗುಂಡನ್ನು ಮೇಜಿನ ಮೇಲಿಟ್ಟರು.

"ಇದು ಯಾರದಮ್ಮಾ?"

"ನಮ್ಮ ಯಜಮಾನರದು."

"ಮುದ್ರೆ ಎಲ್ಲಿ?"

"ಕಾಲುವೇಲಿ. ಸೇತುವೆ ಮೇಲಿಂದ ಹಾಕಿದೆ. ಯಾವ ಸೇತುವೆ ಅಂತ ಕೇಳಬೇಡಿ, ಹೇಳಲ್ಲ."

"ಯಾರಾದ್ರೂ ಹೇಳಿಕೊಟ್ರಾ?"

"ನನಗೆ ಯಾರು ಏನು ಹೇಳ್ತಾರೆ?" ಅವಳು ಸೌಟನ್ನು ಆಡಿಸುವುದು ನಿಲ್ಲಿಸಲಿಲ್ಲ. "ಬ್ರಬಾಂಟ್ ಸೀಮೆಯವರಿಗೆ ವರ್ಷಾ ವರ್ಷಾ ಇಷ್ಟು ಹಣ ಕೊಡ್ತೀವಿ ಅಂತ ಇದೇ ಮುದ್ರೆ ಒತ್ತಿ ಸಾಲ ತಂದ್ರಿ. ಕೊಡೋದು ನಿಲ್ಲಿಸಿದ್ರಿ. ಅವರು ಅಲ್ಲಿಗೆ ದೋಣೀಲಿ ಚೀಸ್ ಹೇರ್ಕೊಂಡು ಹೋಗಿದ್ದ ನನ್ನ ಗಂಡನ್ನ ಹಿಡಿದು ಹಾಕಿದ್ರು. ಪತ್ರದಲ್ಲಿ ಊರಿನ ಅಷ್ಟೂ ಜನ ಜಾಮೀನಂತೆ. ನಮ್ಮ ಯಜಮಾನರನ್ನ ಯಾರಾದ್ರೂ ಕೇಳಿದ್ರಾ?"

"ಊರಿನ ಎಲ್ಲರ ಪರವಾಗಿ ಪುರಸಭೆ ಮಾತಾಡುತ್ತೆ."

"ಅವರ ಪರವಾಗೂ?"

"ಅವರ ಪರವಾಗೂ."

"ಹಾಗಾದ್ರೆ ಹನ್ನೊಂದು ತಿಂಗಳು ಅವರು ಅಲ್ಲಿ ಒಳಗಿದ್ರಲ್ಲ, ಆಗ ಯಾಕೆ ಮಾತಾಡಲಿಲ್ಲ?"

ಗೇರ್‌ಲೋಫ್ ಒಲೆಯ ಬೆಂಕಿ ಕೆದಕಿ ಆರಿಸಲು ಹೇಳಿದ. ಅವಳು ಆರಿಸಿದಳು, ಶಾಲು ಹೊದ್ದು ಅವರ ಮುಂದೆಯೇ ನಡೆದಳು.

ಪುರಸಭೆಯ ಕಡತದಲ್ಲಿ, ಗಂಡನನ್ನು ಬಿಡಿಸಿಕೊಡಿ ಎಂದು ಅವಳು ಕೊಟ್ಟ ಒಂಬತ್ತು ಅರ್ಜಿಗಳು ಸಿಕ್ಕವು. ನಾಲ್ಕರ ಮೇಲೆ 'ಮುಂದಿನ ಸಭೆಗೆ' ಎಂದಿತ್ತು, ಉಳಿದವುಗಳ ಮೇಲೆ ಏನೂ ಇರಲಿಲ್ಲ. ಯೋಸ್ಟ್ ಸೆರೆಯಲ್ಲಿ ಜ್ವರದಿಂದ ಸತ್ತ ಸುದ್ದಿಯೂ ಅಲ್ಲೇ ಇತ್ತು. ಕಳವಿಗೆ ಕಾರಣ ಬರೆಯುವಲ್ಲಿ ಗೇರ್‌ಲೋಫ್ 'ಗಂಡನ ಸಾವು' ಎಂದು ಬರೆದ. ಗುಮಾಸ್ತ ಓದಿ, ಅದನ್ನು 'ದ್ವೇಷ' ಎಂದು ತಿದ್ದಲು ಹೇಳಿದ. ಗೇರ್‌ಲೋಫ್ ತಿದ್ದಿದ.

ಮುದ್ರೆ ಸಿಗಲಿಲ್ಲ. ಮಂಗಳವಾರ ಪಕ್ಕದ ಪೇಟೆಯ ಮುದ್ರೆಯನ್ನು ಕೇಳಿ ತಂದು ಒಪ್ಪಿಗೆ ಪತ್ರಕ್ಕೆ ಒತ್ತಿದರು. ಅದಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ.

ಬುಧವಾರ ಬೆಳಿಗ್ಗೆ ಪ್ರತಿನಿಧಿಗಳನ್ನು ದೋಣಿ ಹತ್ತಿಸಲು ಗೇರ್‌ಲೋಫ್ ಕಟ್ಟೆಯ ಮೇಲೆ ನಿಂತಿದ್ದ. ಮುದುಕ ದೋಣಿಕಾರನೊಬ್ಬ ಹತ್ತಿರ ಬಂದು ಟೋಪಿ ತೆಗೆದ.

"ಸ್ವಾಮಿ, ಈ ಸಲ ಸಾಲ ಯಾವೂರವರ ಹತ್ರ ತರ್ತಾರೆ?"

"ನಿನಗ್ಯಾಕೆ?"

"ಏನಿಲ್ಲ. ಗೊತ್ತಾದ್ರೆ ಹುಡುಗರಿಗೆ ಹೇಳ್ತೀನಿ, ಆ ಕಡೆ ಹೋಗಬೇಡಿ ಅಂತ."