ತಂಗಿಯ ದನಿ

ಫೋನು ಬಡಿದುಕೊಳ್ಳತೊಡಗಿದಾಗ ಊಟದ ಮೇಜಿನ ಸುತ್ತ ಕುಳಿತಿದ್ದ ಮೂವರ ಕೈಯೂ ತಟ್ಟೆಯಲ್ಲೇ ನಿಂತಿತು. ನಟಿ ಏಳಹೊರಟಳು.

"ಕೂತ್ಕೋ," ಎಂದಳು ಅಮ್ಮ. "ನೀನು ಯಾವತ್ತು ಎತ್ತಿದ್ದೀಯ?"

ನಿಜವೇ. ಆ ಮನೆಯಲ್ಲಿ ನಟಿಗೆ ಬಂದ ಫೋನನ್ನು ನಟಿ ಎತ್ತುವಂತಿರಲಿಲ್ಲ. ನಾಟಕದ ಮೇಷ್ಟ್ರು ಕೊನೆಯ ಸಾಲಿನವರಿಗೂ ಕೇಳಿಸಲೆಂದು ತಿದ್ದಿ ಬೆಳೆಸಿದ್ದ ಅವಳ ತುಂಬು ಕಂಠ ಸಿನಿಮಾದವರಿಗೆ ಒರಟೆನಿಸಿತ್ತು. "ಮುಖ ಚಿನ್ನ, ದನಿ ಗುಡುಗು" ಎಂದು ಮೊದಲ ಚಿತ್ರದ ನಿರ್ದೇಶಕ ನಕ್ಕಾಗ, ಅಮ್ಮ ಪಕ್ಕದಲ್ಲಿದ್ದ ತಂಗಿಯನ್ನು ಮುಂದೆ ತಳ್ಳಿದ್ದಳು. ಅಂದಿನಿಂದ ಕ್ಯಾಮೆರಾದ ಮುಂದೆ ಅಕ್ಕ ತುಟಿ ಆಡಿಸುವುದು, ಡಬ್ಬಿಂಗ್ ಕೋಣೆಯ ಕತ್ತಲಲ್ಲಿ ತಂಗಿ ಅದಕ್ಕೆ ಮಾತು ತುಂಬುವುದು... ಜನ ಆ ಜೇನಿನಂಥ ದನಿಗೆ ಮರುಳಾದರು. ಫೋನಿನಲ್ಲಿ ತಂಗಿಯೇ ನಟಿಯಾದಳು. ಸಭೆಗಳಲ್ಲಿ ಅಕ್ಕನಿಗೆ ಸದಾ ಗಂಟಲುನೋವು.

ಹೋದ ವಾರ ಅದೇ ಮೇಷ್ಟ್ರು ಕೋಲೂರಿಕೊಂಡು ಶೂಟಿಂಗ್ ನಡೆಯುವಲ್ಲಿಗೇ ಬಂದಿದ್ದರು. "ಇದು ನನ್ನ ಕಡೇ ನಾಟಕ ಕಣಮ್ಮ. ನಿನ್ನ ಮುಖ ಬೇಡ, ದನಿ ಬೇಕು," ಎಂದಿದ್ದರು. ಉತ್ತರ ಕೇಳಲು ಇವತ್ತು ಫೋನು ಮಾಡುವುದಾಗಿ ಹೇಳಿದ್ದರು. ಆ ವಾರವಿಡೀ ಅವಳು ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು, ನೀರಿನ ಸದ್ದಿನಡಿ ತನ್ನ ದನಿಯನ್ನು ಹುಡುಕಿಕೊಂಡಿದ್ದಳು.

ಫೋನು ನಿಂತು ಮತ್ತೆ ಹೊಡೆದುಕೊಂಡಿತು.

"ಮೇಷ್ಟ್ರದು, ಅಮ್ಮ... ಅವರ ಹತ್ರ ನಾನೇ ಮಾತಾಡ್ತೀನಿ."

"ಮಾತಾಡು. ನಾಟಕಕ್ಕೂ ಹೋಗು. ನೀನು ಅಲ್ಲಿ ಬಾಯಿ ಬಿಟ್ರೆ ಸಿನಿಮಾದ ದನಿ ನಿಂದಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತೆ. ಆಮೇಲೆ ನಿನ್ನ ತಂಗೀನ ಡಬ್ಬಿಂಗಿಗೆ ಯಾರು ಕರೀತಾರೆ? ಇವಳ ಗಂಡ ಇವಳು ಬೇಡ ಅಂದ. ನೀನೂ ಅಂದುಬಿಡು."

ತಂಗಿ ನಗಲು ನೋಡಿದಳು. "ಹೋಗಕ್ಕ. ನಾನು ಅಂಗಡೀಲಿ ಈರುಳ್ಳಿ ಕೇಳಿದ್ರೂ ಜನ ತಿರುಗಿ ನಿನ್ನನ್ನ ಹುಡುಕ್ತಾರೆ. ನನಗೂ ಸಾಕಾಗಿದೆ."

ಮಾತು ಹಾಗೆಂದಿತು. ಕೈ ಮಾತ್ರ ತನಗೇ ತಿಳಿಯದೆ ಗಂಟಲನ್ನು ಮುಚ್ಚಿಕೊಂಡಿತ್ತು. ಗಂಡ ಹೊರಹಾಕಿದ ದಿನವೂ, ಮರುದಿನ ಡಬ್ಬಿಂಗ್ ಇದೆಯೆಂದು ಜೋರಾಗಿ ಅಳದೆ ಕಾಪಾಡಿಕೊಂಡ ಗಂಟಲು ಅದು. ನಾಳಿನ ಕೆಲಸಕ್ಕೆಂದು ಬಿಸಿನೀರಿನ ಲೋಟ ಈಗಲೇ ಅವಳ ತಟ್ಟೆಯ ಪಕ್ಕದಲ್ಲಿತ್ತು.

ನಟಿ ಆ ಕೈಯನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಫೋನೆತ್ತಿದಳು. ಇಷ್ಟು ವರ್ಷ ಆ ದನಿಗೆಂದೇ ತುಟಿ ಆಡಿಸಿದವಳಿಗೆ ಅದರ ಏರಿಳಿತವೆಲ್ಲ ಬಾಯಿಪಾಠವಾಗಿತ್ತು. ಎದೆಯೊಳಗಿನ ಗುಡುಗನ್ನು ನುಂಗಿಕೊಂಡು, ಸಣ್ಣಗೆ, ಸಿಹಿಯಾಗಿ ಹೇಳಿದಳು:

"ಬರೋಕಾಗಲ್ಲ ಮೇಷ್ಟ್ರೇ."

ಮೇಷ್ಟ್ರಿಗೆ ಇಬ್ಬರ ದನಿಯೂ ಗೊತ್ತಿತ್ತು.

"ನೀನಲ್ಲ ಮಗು. ನಿಮ್ಮಕ್ಕನಿಗೆ ಕೊಡು. ಅವಳ ಬಾಯಿಂದಲೇ ಕೇಳ್ಬೇಕು ನಾನು."

ನಟಿ ಗೋಡೆಗೆ ಹಣೆಯಾನಿಸಿ ಕಣ್ಣು ಮುಚ್ಚಿದಳು.

"ಅಕ್ಕ ಮನೇಲಿಲ್ಲ."

"ಬಂದ ಮೇಲೆ ಹೇಳಮ್ಮ... ಆ ಪಾತ್ರ ಬೇರೆ ಯಾರಿಗೂ ಕೊಡಲ್ಲ ಅಂತ."

"ಹೇಳ್ತೀನಿ," ಎಂದಿತು ತಂಗಿಯ ದನಿ.