ಉಗುರಿನಷ್ಟು ಚರ್ಮ

"ಅಮ್ಮಾ, ಎಲ್ಲಿದೆ? ಕಾಣ್ತಾನೇ ಇಲ್ಲ!"

"ಸರಿಯಾಗಿ ನೋಡೇ. ಗಾಜಿನ ಬಟ್ಟಲಿನ ನಡುವೆ."

ಕೃತಿ ಲ್ಯಾಬಿನ ಮೇಜಿನ ಮೇಲೆ ಬಗ್ಗಿ ನೋಡಿದಳು. ಗುಲಾಬಿ ಬಣ್ಣದ ನೀರಿನಲ್ಲಿ ತೆಳ್ಳಗಿನ ಒಂದು ಚೂರು. ಅವಳ ಕಿರುಬೆರಳಿನ ಉಗುರಿಗಿಂತ ದೊಡ್ಡದಲ್ಲ.

"ಇಷ್ಟೇನಾ?" ಅವಳ ಮುಖ ಸಪ್ಪಗಾಯಿತು.

ಪಾಪ, ಅವಳ ಕಷ್ಟ ಅವಳಿಗೇ ಗೊತ್ತು. ಅಮ್ಮ ಶರ್ಮಿಳಾ ಲ್ಯಾಬಿನಲ್ಲಿ ಚರ್ಮ ಪ್ರಿಂಟ್ ಮಾಡುತ್ತಾಳೆ ಎಂದು ಕೃತಿ ಕ್ಲಾಸಿನಲ್ಲೆಲ್ಲ ಡಂಗುರ ಸಾರಿದ್ದಳು. "ಬೆಡ್‌ಶೀಟ್‌ನಷ್ಟು ದೊಡ್ಡದು!" ಎಂದೂ ಕೊಚ್ಚಿಕೊಂಡಿದ್ದಳು. ಕ್ಲಾಸಿನ ಗೆಳೆಯ ಹಿತೇಶ್ ಅದನ್ನು ನಂಬಿಬಿಟ್ಟ.

ದೆಹಲಿಯ ಮುನಿರ್ಕಾದಲ್ಲಿ ಹಿತೇಶನ ಅಪ್ಪನ ಹೋಟೆಲ್ ಇದೆ. ಹೋದ ವರ್ಷ ಅಲ್ಲಿ ಬಿಸಿ ಎಣ್ಣೆ ಬಿದ್ದು ಅವನ ತೋಳು ಸುಟ್ಟಿತ್ತು. ಗಾಯ ಮಾಯ್ದರೂ ಚರ್ಮ ಸುಕ್ಕುಗಟ್ಟಿ ಉಳಿದಿತ್ತು. ಆನ್ಯುವಲ್ ಡೇ ಡಾನ್ಸಿಗೆ ಬಾ ಎಂದರೆ ಎಲ್ಲರೂ ಕೈ ನೋಡುತ್ತಾರೆ ಎಂದು ಹಿಂದೇಟು ಹಾಕುತ್ತಿದ್ದ. "ಅಷ್ಟರಲ್ಲಿ ಅಮ್ಮ ನಿಂಗೆ ಹೊಸ ಚರ್ಮ ಹಾಕಿಕೊಡ್ತಾಳೆ. ಪಕ್ಕಾ!" ಎಂದು ಕೃತಿ ಮಾತು ಕೊಟ್ಟಳು. ಅವನು ಖುಷಿಯಾಗಿ ಹೆಸರು ಕೊಟ್ಟ.

ಈಗ ಎಲ್ಲವನ್ನೂ ಅಮ್ಮನಿಗೆ ಒಂದೇ ಉಸಿರಿಗೆ ಹೇಳಿದಳು. ಅಮ್ಮ ಬೈಯಲಿಲ್ಲ. ಅವಳನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು.

"ಅಲ್ಲಿರೋದು ಆಫೀಸಿನ ಹಳೇ ಪ್ರಿಂಟರ್. ಇಂಕ್ ತೆಗೆದು ಜೀವಕೋಶ ತುಂಬಿದ್ವಿ. ಪದರದ ಮೇಲೆ ಪದರ ಪ್ರಿಂಟ್ ಮಾಡಿದ್ವಿ. ಎಷ್ಟೋ ಸಲ ಎಲ್ಲ ಸತ್ತುಹೋದ್ವು. ಈಗ ನೋಡು."

ಪುಟ್ಟ ಪುಟ್ಟ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಕುಳಿತಿದ್ದವು.

"ಬದುಕಿವೆಯಾ?"

"ಬದುಕಿವೆ. ಬೆಳೀತಾನೂ ಇವೆ." ಅಮ್ಮ ಅವಳ ತಲೆ ಸವರಿದಳು. "ಆದ್ರೆ ಮನುಷ್ಯರ ತೋಳಿಗೆ ಹಾಕೋಕೆ ಇನ್ನೂ ವರ್ಷಗಳೇ ಬೇಕು, ಪುಟ್ಟಿ."

ಸೋಮವಾರ ಹಿತೇಶ್ ಗೇಟಿನಲ್ಲೇ ಕಾಯುತ್ತಿದ್ದ. "ಆಂಟಿ ಏನಂದ್ರು? ರೆಡಿನಾ?"

ಇನ್ನೇನು ಆಗೇಹೋಯ್ತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಕೃತಿ ಕಿರುಬೆರಳು ಎತ್ತಿ ತೋರಿಸಿದಳು.

"ಬೆಡ್‌ಶೀಟ್ ಅಂದಿದ್ದು ಸುಳ್ಳು. ಈ ಉಗುರಿನಷ್ಟೇ ಇದೆ. ಆನ್ಯುವಲ್ ಡೇಗೆ ಆಗಲ್ಲ. ಸಾರಿ, ಯಾರ್."

"ಮತ್ತೆ ಪಕ್ಕಾ ಅಂದೆ?" ಹಿತೇಶ್ ಮುಖ ತಿರುಗಿಸಿ ನಡೆದೇಬಿಟ್ಟ.

ಕೃತಿ ಹಿಂದೆಯೇ ಓಡಿದಳು. "ಆದ್ರೆ ಅದಕ್ಕೆ ಜೀವ ಇದೆ ಕಣೋ! ನಾನೇ ನೋಡಿದೆ. ಬೆಳೀತಾ ಇದೆ."

ಹಿತೇಶ್ ನಿಂತ. "ಸಚ್ಚೀ? ಪ್ರಿಂಟರಿಂದ ಬಂದಿದ್ದಕ್ಕೆ ಜೀವ?"

"ಸಚ್ಚೀ."

ಅವನು ತನ್ನ ಉಗುರನ್ನೇ ದಿಟ್ಟಿಸಿದ. ಆಮೇಲೆ, "ನಿಮ್ಮಮ್ಮ ಸೂಪರ್ ಕಣೇ," ಎಂದ.

"ಮತ್ತೆ ಡಾನ್ಸು?"

"ಹೆಸರು ಕೊಟ್ಟಾಗಿದೆಯಲ್ಲ. ಕೈ ನೋಡಿದ್ರೆ ನೋಡ್ಲಿ. ಚಲೋ, ಪ್ರಾಕ್ಟೀಸಿಗೆ ಲೇಟಾಗತ್ತೆ."

ಕೃತಿಯ ಎದೆ ಹೆಮ್ಮೆಯಿಂದ ಉಬ್ಬಿತು. ಈ ಸಲ ಅಮ್ಮನ ಬಗ್ಗೆ ಅವಳು ಒಂದಿಷ್ಟೂ ಸೇರಿಸಿ ಹೇಳಿರಲಿಲ್ಲ.