ಬಂದವರು ಕಲಿಸಿಯೇ ಹೋಗಬೇಕು

ಬಾಗಿಲು ತೆಗೆದಾಗ ಶೋಭನಾಳ ಎರಡು ಕೈಯೂ ಮೊಣಕೈವರೆಗೆ ಕೆಸರು.

"ನಾನು ಪ್ರಸನ್ನ," ಅಂದ ಹೊರಗೆ ನಿಂತವನು. "ಚಂದ್ರಹಾಸಣ್ಣ ಬರ್ಲಿಕ್ಕೆ ಹೇಳಿದ್ರು. ಸ್ವಲ್ಪ ಬೇಗ ಬಂದೆ ಅಂತ ಕಾಣ್ತದೆ."

"ಒಳ್ಳೆಯದೇ ಆಯ್ತು. ಮಕ್ಕಳು ಕಾಯ್ತಾ ಇದ್ದಾರೆ. ಶೂ ಅಲ್ಲಿ ಬಿಡಿ. ಪ್ಯಾಂಟು ಸ್ವಲ್ಪ ಮೇಲೆ ಮಡಚಿ."

"ಮಡಚಬೇಕಾ?"

"ಕೆಸರಾದ್ರೆ ನನ್ನನ್ನು ಕೇಳ್ಬೇಡಿ ಮತ್ತೆ."

ಅವನು ಒಂದು ಕ್ಷಣ ಅವಳ ಮುಖ ನೋಡಿದ. ನಂತರ ಬಗ್ಗಿ ಪ್ಯಾಂಟು ಮಡಚಿದ. ಶೋಭನಾ ಅಷ್ಟರಲ್ಲೇ ಅವನನ್ನು ಪೂರ್ತಿ ನೋಡಿ ಮುಗಿಸಿದ್ದಳು. ಅಂಗಡಿಯ ಮಡಿಕೆ ಇನ್ನೂ ಬಿಡದ ಹೊಸ ಶರ್ಟು, ಗಲ್ಲದ ಮೇಲೆ ಶೇವಿಂಗಿನ ಸಣ್ಣ ಗಾಯ, ನೀರು ಹಚ್ಚಿ ಬಾಚಿದ ತಲೆ. ಮಕ್ಕಳಿಗೆ ಪಾಠ ಹೇಳಲು ಬಂದವನಿಗೆ ಇಷ್ಟೊಂದು ಅಲಂಕಾರ ಏಕೆ ಅನಿಸಿತು. ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್‌ನವರು ಹೀಗೇ ಇರಬೇಕು ಅಂದುಕೊಂಡಳು.

ಸಾಲ್ಟ್ ಲೇಕ್‌ನ ಆ ಎರಡನೇ ಮಹಡಿಯ ಫ್ಲ್ಯಾಟಿಗೆ ಒಂದು ನಿಯಮವಿತ್ತು. ಬಂದವರು ಯಾರೇ ಇರಲಿ, ಮಕ್ಕಳಿಗೆ ಕೈಯಲ್ಲಿ ಮಾಡುವಂಥ ಏನಾದರೂ ಒಂದನ್ನು ಕಲಿಸಿಯೇ ಹೋಗಬೇಕು. ಕೆಳಗಿನ ಮನೆಯ ಬೋಸ್ ಕಾಕು ಗಾಳಿಪಟದ ದಾರಕ್ಕೆ ಗಾಜಿನ ಪುಡಿಯ ಮಾಂಜಾ ಹಚ್ಚುವುದನ್ನು ಕಲಿಸಿದ್ದರು. ಗ್ಯಾಸ್ ತರುವವನು ತುಂಬಿದ ಸಿಲಿಂಡರನ್ನು ಒಂದು ಅಂಚಿನ ಮೇಲೆ ಉರುಳಿಸುವುದನ್ನು ಕಲಿಸಿದ್ದ. ಭಾವ ಚಂದ್ರಹಾಸನದು ಬ್ಯಾಂಕಿನ ಕೆಲಸ. ಪಟ್ನಾ, ಗುವಾಹಟಿ, ಈಗ ಕೋಲ್ಕತಾ ಎಂದು ವರ್ಗವಾಗುತ್ತಾ ಹೋದಂತೆ ಮಕ್ಕಳಿಗೆ ಶಾಲೆ, ಭಾಷೆ, ಗೆಳೆಯರು ಎಲ್ಲ ಬದಲಾಗಿ, ಕೊನೆಗೆ ಪುಟ್ಟ ವೈಭವ್ ಊಟವನ್ನೇ ಬಿಟ್ಟಿದ್ದ. ಆಗ ಅಕ್ಕ ರುಕ್ಮಿಣಿ ಒಂದು ವರ್ಷಕ್ಕೆಂದು ಇಬ್ಬರನ್ನೂ ಶಾಲೆ ಬಿಡಿಸಿ ಮನೆಯಲ್ಲಿ ಉಳಿಸಿಕೊಂಡು, ಪಾಠ ಹೇಳಲು ಕುಂದಾಪುರದಿಂದ ತಂಗಿ ಶೋಭನಾಳನ್ನು ಕರೆಸಿದಳು. ಈಗ ಮೂರನೇ ವರ್ಷ. ವೈಭವ್ ಎರಡು ಸಲ ಬಡಿಸಿಕೊಂಡು ತಿನ್ನುತ್ತಾನೆ.

ಗುರುವಾರ ಭಾವ ಹೇಳಿದ್ದು ಇಷ್ಟೇ: "ಭಾನುವಾರ ನಾಲ್ಕಕ್ಕೆ ನಮ್ಮ ಊರಿನ ಕಡೆಯ ಹುಡುಗ ಒಬ್ಬ ಬರ್ತಾನೆ. ಇಲ್ಲೇ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕೆಲಸ." ಶೋಭನಾ ಎಂದಿನಂತೆ ಮಕ್ಕಳಿಗೆ ಹೇಳಿಟ್ಟಿದ್ದಳು. ಅಕ್ಕ ಭಾವ ಸಂದೇಶ್ ಮಿಠಾಯಿ ತರಲು ಹೋದವರು ಯಾವುದೋ ಮೆರವಣಿಗೆಯಲ್ಲಿ ಸಿಕ್ಕಿಬಿದ್ದಿದ್ದರು.

ಬಾಲ್ಕನಿಯಲ್ಲಿ ಇಡೀ ಬಂಗಾಳ ಮಣ್ಣಿನಲ್ಲಿ ಹರಡಿತ್ತು. ಮೇಲಿನಿಂದ ಚೊಂಬಿನಲ್ಲಿ ನೀರು ಹೊಯ್ದರೆ ನದಿ ಎತ್ತ ತಿರುಗುತ್ತದೆ ಎಂದು ನೋಡುವುದು ಅಂದಿನ ಪಾಠ.

"ಅಂಕಲ್, ಗಂಗಾ ಪೆ ಪಾಂವ್ ಮತ್ ರಖೋ!" ವೈಭವ್ ಕಿರುಚಿದ.

ಪ್ರಸನ್ನ ಗಂಗೆಯ ಮೇಲಿಟ್ಟ ಕಾಲು ಎತ್ತಿ ಪಕ್ಕಕ್ಕಿಟ್ಟ. "ಸಾರಿ. ಈಗ ಎಲ್ಲಿದ್ದೇನೆ?"

"ಬಾಂಗ್ಲಾದೇಶ್," ಅಂದಳು ಒಂಬತ್ತು ವರ್ಷದ ಅನ್ವಿತಾ.

"ಅಯ್ಯೋ, ಪಾಸ್‌ಪೋರ್ಟ್ ತರ್ಲಿಲ್ಲ."

ಶೋಭನಾ ನಕ್ಕುಬಿಟ್ಟಳು. ಹೊರಗಿನವರೆದುರು ತನ್ನ ನಗು ಇಷ್ಟು ಜೋರಾಗಿ ಕೇಳಿಸಿದ್ದು ಅವಳಿಗೇ ಹೊಸತು.

"ನಿಮಗೆ ಕೈಯಲ್ಲಿ ಮಾಡ್ಲಿಕ್ಕೆ ಎಂತ ಬರ್ತದೆ?" ಕೇಳಿದಳು.

"ಕೀಬೋರ್ಡ್ ಕುಟ್ಟುದು."

"ಅದು ಲೆಕ್ಕಕ್ಕಿಲ್ಲ. ಅಡುಗೆ?"

"ಮ್ಯಾಗಿ."

"ಅದು ನನಗೇ ಬರ್ತದೆ," ಅನ್ವಿತಾ ಮೂಗು ಮುರಿದಳು.

ಪ್ರಸನ್ನ ಸುತ್ತ ಕಣ್ಣು ಹಾಯಿಸಿದ. ಊಟದ ಮೇಜಿನ ಮೇಲೆ ಬುಟ್ಟಿ ತುಂಬ ಬೇಲಿ ಫುಲ್, ಇಲ್ಲಿಯ ಮಲ್ಲಿಗೆ. ಬೆಳಿಗ್ಗೆ ಅಕ್ಕ ಏಕೋ ಅಷ್ಟು ಮೊಗ್ಗು ತಂದಿಟ್ಟಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಪಲ್ಯಕ್ಕೆ ತಂದ ಬಾಳೆದಿಂಡಿನ ಒಣಗಿದ ಹೊರ ಸಿಪ್ಪೆ.

"ಹೂ ಕಟ್ಲಿಕ್ಕೆ ಬರ್ತದೆ," ಅಂದ, ದನಿ ತಗ್ಗಿಸಿ. "ನಮ್ಮದು ಶಂಕರಪುರ. ಅಲ್ಲಿ ಮನೆಮನೆಯಲ್ಲಿ ಮಲ್ಲಿಗೆ. ಬೆಳಿಗ್ಗೆ ಹೂವಿನವರು ಬರುವುದರೊಳಗೆ ಮನೆಯವರೆಲ್ಲ ಕೂತು ಕಟ್ಟುದು. ನನ್ನ ಅಣ್ಣ ಪೊಲೀಸ್. ಅವನೂ ಕಟ್ತಾನೆ, ಮೀಸೆ ತಿರುವಿಕೊಂಡು."

ಕೈ ತೊಳೆದು ನಾಲ್ವರೂ ನೆಲದ ಮೇಲೆ ಕೂತರು. ಅವನು ಬಾಳೆಯ ಸಿಪ್ಪೆಯನ್ನು ನೀರಲ್ಲಿ ಅದ್ದಿ, ಉಗುರಿನಿಂದ ಸೀಳಿ ಸೀಳಿ ನಾರು ತೆಗೆದ. ಎಂಟುನೂರು ಮೊಗ್ಗು ಕಟ್ಟಿದರೆ ಒಂದು ಚೆಂಡು ಹೂವು ಎಂದ. ಗಂಟಿಗೆ ನಾಲ್ಕರಂತೆ ಎಷ್ಟು ಗಂಟು ಎಂದು ಶೋಭನಾ ಕೇಳಿದಳು. ಅನ್ವಿತಾ ಮೊಗ್ಗುಗಳನ್ನು ನಾಲ್ಕು ನಾಲ್ಕಾಗಿ ಜೋಡಿಸುತ್ತಾ ಹೋಗಿ, ಅರ್ಧಕ್ಕೆ ನಿಲ್ಲಿಸಿ, ಮೇಲೆ ನೋಡಿ ಇನ್ನೂರು ಅಂದಳು.

ಶೋಭನಾಳ ಗಂಟು ಜಾರಿ ಮೊಗ್ಗು ಮಡಿಲಿಗೆ ಬಿತ್ತು. ಪ್ರಸನ್ನ ಅವಳ ಕೈ ಮುಟ್ಟಲಿಲ್ಲ. ತನ್ನ ಕೈಯನ್ನು ಅವಳ ಕೈಯ ಪಕ್ಕದಲ್ಲೇ ಹಿಡಿದು, ಹೆಬ್ಬೆರಳನ್ನು ನಿಧಾನವಾಗಿ ಮಡಚಿ ತೋರಿಸಿದ. ಅವಳ ಹೆಬ್ಬೆರಳೂ ಹಾಗೆಯೇ ಮಡಚಿತು. ಎರಡು ಕೈಗಳ ನಡುವೆ ಒಂದು ಎಲೆ ತೂರುವಷ್ಟು ಜಾಗ. ಆ ಜಾಗದಲ್ಲಿ ಗಾಳಿ ಬೆಚ್ಚಗಿತ್ತು.

"ಬಂತಲ್ಲ," ಅಂದ ಅವನು. ಅವನ ಕಣ್ಣು ಗಂಟಿನ ಮೇಲಿರಲಿಲ್ಲ.

"ನೀವು ಎಲ್ಲವನ್ನೂ ಬೇಗ ಬೇಗ ಸರಿ ಮಾಡಿಕೊಡ್ತೀರಿ," ಅಂದಳು ಶೋಭನಾ, ಕೆನ್ನೆಯ ಬಿಸಿ ಮರೆಸಲು. "ಮಕ್ಕಳಿಗೆ ತಪ್ಪು ಮಾಡ್ಲಿಕ್ಕೆ ಬಿಡಿ."

"ಸರಿ ಟೀಚರ್."

ಆಗ ಬಾಗಿಲು ತೆರೆಯಿತು. ಅಕ್ಕನ ಕೈಯ ಮಿಠಾಯಿ ಪೊಟ್ಟಣ ವಾಲಿತು.

"ಶೋಭೂ! ಎಂತ ಇದು ಅವತಾರ! ನೋಡ್ಲಿಕ್ಕೆ ಬಂದ ಹುಡುಗನನ್ನು ನೆಲದಲ್ಲಿ ಕೂರಿಸಿದ್ದಾ?"

ಶೋಭನಾಗೆ ಬುಟ್ಟಿ ತುಂಬ ಹೂವು, ಹೊಸ ಶರ್ಟು, ಬಾಚಿದ ತಲೆ ಎಲ್ಲ ಒಟ್ಟಿಗೆ ಅರ್ಥವಾದವು. ಈ ಮೊದಲು ಗಂಡಿನ ಕಡೆಯವರು ಬಂದಾಗಲೆಲ್ಲ ಅವಳು ಕಾಫಿಯ ಟ್ರೇಯಿಂದ ತಲೆಯೇ ಎತ್ತಿರಲಿಲ್ಲ. ಹೆಸರು ಕೇಳಿದರೂ ಅಕ್ಕನೇ ಹೇಳಿದ್ದಳು. ಅದಕ್ಕೇ ಈ ಸಲ ಮುಚ್ಚಿಟ್ಟಿದ್ದರು.

"ನಿಮಗೆ ಗೊತ್ತಿತ್ತಾ?" ಅವನನ್ನು ಕೇಳಿದಳು.

"ನಾನು ಬಂದದ್ದೇ ಅದಕ್ಕೆ." ಅವನು ಮಡಚಿದ ಪ್ಯಾಂಟು ಇಳಿಸುತ್ತಾ ಎದ್ದ. "ನೀವು ಹುಡುಗನಿಗೆ ಪರೀಕ್ಷೆ ಮಾಡ್ತಾ ಇದ್ದೀರಿ ಅಂತ ಎಣಿಸಿದೆ. ಮ್ಯಾಗಿಗೆ ಫೇಲ್ ಆದಾಗ ಒಳ್ಳೆ ಹೆದರಿಕೆ ಆಯ್ತು."

ಅವಳು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಅಕ್ಕನ ಮಾತು ಕೇಳುತ್ತಿತ್ತು: "ನಾಚಿಕೆ ಜಾಸ್ತಿ ಅವಳಿಗೆ. ಪಿಯುಸಿ ಮಾಡಿದ್ದಾಳೆ, ಫಸ್ಟ್ ಕ್ಲಾಸ್."

ಶೋಭನಾಳ ಬೆರಳಲ್ಲಿ ಇನ್ನೂ ನಾರು ಸುತ್ತಿಕೊಂಡಿತ್ತು. ಅವಳು ಓದಿದ್ದು ಒಂಬತ್ತನೇ ಕ್ಲಾಸು. ಅಮ್ಮ ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟವಳು ಮತ್ತೆ ಹೋಗಿರಲಿಲ್ಲ.

ಮರುದಿನವೇ ಗಂಡಿನ ಕಡೆಯಿಂದ ಒಪ್ಪಿಗೆ ಬಂತು. ಅಕ್ಕ ಕುಣಿದಾಡಿದಳು.

"ಪಿಯುಸಿ ಅಂತ ಏಕೆ ಹೇಳಿದ್ದು ಅಕ್ಕ?"

"ಮದುವೆ ಆದ ಮೇಲೆ ಯಾರು ಮಾರ್ಕ್ಸ್ ಕಾರ್ಡ್ ಕೇಳ್ತಾರೆ ಮಾರಾಯ್ತಿ? ಸುಮ್ಮನಿರು. ಇಂಥ ಹುಡುಗ ಇನ್ನೊಮ್ಮೆ ಸಿಗುದಿಲ್ಲ."

ಸಿಗುವುದಿಲ್ಲ ಎಂದು ಶೋಭನಾಗೂ ಗೊತ್ತಿತ್ತು. ಬಾಂಗ್ಲಾದೇಶದಲ್ಲಿ ಒಂದು ಕಾಲಿಟ್ಟು ನಿಂತವನು ಭಾನುವಾರದಿಂದ ಅವಳ ಕಣ್ಣಿನಿಂದ ಕದಲಿರಲಿಲ್ಲ. ಆದರೆ ತಪ್ಪಿದ ಲೆಕ್ಕವನ್ನು ಅಳಿಸಬೇಡ, ಪಕ್ಕದಲ್ಲೇ ಸರಿಯಾದದ್ದನ್ನು ಬರೆ ಎಂದು ವೈಭವ್‌ಗೆ ದಿನವೂ ಹೇಳುವವಳು ಅವಳೇ ಅಲ್ಲವೇ?

ಬುಧವಾರ ಬೆಳಿಗ್ಗೆ ಮಕ್ಕಳನ್ನು ಕರೆದಳು. "ಇವತ್ತಿನ ಪಾಠ ದಾರಿ ಹುಡುಕುದು. ಪ್ರಸನ್ನ ಅಂಕಲ್‌ನ ಆಫೀಸಿಗೆ ನನ್ನನ್ನು ನೀವೇ ಕರ್ಕೊಂಡು ಹೋಗ್ಬೇಕು. ನಾನು ಬಾಯಿ ಬಿಡುದಿಲ್ಲ."

"ಚಿಕ್ಕಿ, ಮಮ್ಮಿಗೆ ಗೊತ್ತುಂಟಾ?" ಅನ್ವಿತಾ ಕಣ್ಣು ಕಿರಿದು ಮಾಡಿದಳು.

"ಹೇಳಿಯೇ ಹೊರಟದ್ದು. ಬೈದಳು."

ಅನ್ವಿತಾ ಆಟೋದವನ ಜೊತೆ ಬಂಗಾಳಿಯಲ್ಲಿ ಮಾತಾಡಿದಳು. ವೈಭವ್ ತಪ್ಪು ತಿರುವಿನಲ್ಲಿ ಇಳಿಸಿದ. ಶೋಭನಾ ಸುಮ್ಮನೆ ಹಿಂದೆ ನಡೆದಳು. ಗಾಜಿನ ಕಟ್ಟಡಗಳು, ಅರ್ಧ ಎದ್ದ ಇನ್ನಷ್ಟು ಕಟ್ಟಡಗಳು, ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಹುಡುಗ ಹುಡುಗಿಯರ ಹಿಂಡು. ಕೊನೆಗೆ ಸರಿಯಾದ ಗೇಟು ಸಿಕ್ಕಿತು. ಸೆಕ್ಯುರಿಟಿಯವನು ಮೇಲೆ ಫೋನ್ ಮಾಡಿದ.

ಪ್ರಸನ್ನ ಓಡಿಯೇ ಬಂದ. ಕಾರ್ಡು ಬೆನ್ನಿಗೆ ತಿರುಗಿತ್ತು. "ಎಂತ ಆಯ್ತು? ಎಲ್ಲ ಸೌಖ್ಯವಾ?"

"ಮಾತಾಡ್ಲಿಕ್ಕೆ ಉಂಟು."

ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನಲ್ಲಿ ಮಕ್ಕಳಿಗೆ ಚಹಾ, ಬಿಸ್ಕೆಟು ಕೊಡಿಸಿ, ಅವಳು ನಿಂತೇ ಹೇಳಿದಳು.

"ನಾನು ಪಿಯುಸಿ ಮಾಡ್ಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಕ್ಕ ಹೇಳಿದ್ದು ಸುಳ್ಳು."

ಅವನ ನಗು ನಿಂತಿತು. ಕೈಯಲ್ಲಿದ್ದ ಚಹಾದ ಮಣ್ಣಿನ ಕುಡಿಕೆಯನ್ನು ಒಂದು ಸುತ್ತು ತಿರುಗಿಸಿದ. ಶೋಭನಾ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ತಲೆ ತಗ್ಗಿಸುವ ದಿನ ಇದಲ್ಲ ಎಂದು ಮನೆಯಲ್ಲೇ ನಿರ್ಧರಿಸಿ ಬಂದಿದ್ದಳು.

"ಸುಳ್ಳು ಅಂದ್ರೆ ನನಗೆ ಆಗುದಿಲ್ಲ," ಅಂದ ಕೊನೆಗೆ.

"ನನಗೂ ಆಗುದಿಲ್ಲ. ಅದಕ್ಕೇ ಬಂದದ್ದು."

"ಒಂಬತ್ತನೇ ಕ್ಲಾಸು ನನಗೆ ದೊಡ್ಡ ವಿಷಯ ಅಲ್ಲ. ಆದ್ರೆ ಅಮ್ಮ ಅರ್ಧ ಊರಿಗೆ ಹೇಳಿ ಆಗಿದೆ, ಹುಡುಗಿ ಟೀಚರ್ ಅಂತ."

"ಅದು ಸುಳ್ಳಲ್ಲ," ಅಂದಳು ಶೋಭನಾ. "ಅದನ್ನು ಬಿಡುದೂ ಇಲ್ಲ. ಮದುವೆ ಆದ್ರೂ ಬೆಳಿಗ್ಗೆ ಇವರಿಬ್ಬರು ನನ್ನ ಹತ್ತಿರ ಬರ್ತಾರೆ."

ಅವನ ತುಟಿಯ ಒಂದು ತುದಿ ಮೆಲ್ಲಗೆ ಮೇಲಕ್ಕೆ ಹೋಯಿತು. "ನಾನು ರೂಮು ಮಾಡಿದ್ದು ಕರುಣಾಮಯಿಯಲ್ಲಿ. ನಿಮ್ಮ ಮನೆಯಿಂದ ನಡ್ಕೊಂಡು ಬರುವ ದೂರ. ಬಾಲ್ಕನಿ ಇರುವ ಮನೆ ನೋಡ್ಬೇಕಷ್ಟೆ." ಒಂದು ಹೆಜ್ಜೆ ಹತ್ತಿರ ಬಂದ. "ಒಂದು ಕೇಳ್ಲಾ? ಹುಡುಗ ಪಾಸಾ?"

ಅನ್ವಿತಾಳ ಬಿಸ್ಕೆಟು ಚಹಾದಲ್ಲಿ ಮುಳುಗಿಹೋಯಿತು. ಇವರ ಮಾತು ಕೇಳುತ್ತಿದ್ದ ಹುಡುಗಿ ಗಮನಿಸಲೇ ಇಲ್ಲ.

"ನಿಮ್ಮ ಅಮ್ಮನಿಗೆ ವಿಷಯ ಹೇಳ್ಬೇಕು, ಮೊದಲು," ಅಂದಳು ಶೋಭನಾ.

"ಸಂಜೆ ನಾನು ಹೇಳ್ತೇನೆ."

"ಬೇಡ. ನಾನೇ ಹೇಳ್ತೇನೆ. ಈಗಲೇ."

ಅಂಗಡಿಯ ಪಕ್ಕದಲ್ಲೇ ಎಸ್‌ಟಿಡಿ ಬೂತು. ಅವನು ನಂಬರು ಒತ್ತಿ ರಿಸೀವರು ಕೊಟ್ಟ. ಇಬ್ಬರಿಗೆ ಸಾಲದ ಆ ಗಾಜಿನ ಗೂಡಿನಲ್ಲಿ ಅವನು ಬಾಗಿಲಿಗೆ ಒರಗಿ ನಿಂತ. ಅತ್ತ ಕಡೆ ರಿಂಗು ನಿಂತು, ಪ್ರಸನ್ನನ ಅಮ್ಮ ಜಯಂತಮ್ಮನ ದನಿ ಬಂತು.

"ಯಾರು ಮಾತಾಡುದು?"

ಶೋಭನಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು. ಮಾತು ಹೊರಡಲು ತಡವಾಗಲಿಲ್ಲ.

"ನಮಸ್ಕಾರ ಅತ್ತೆ. ನಾನು ಶೋಭನಾ, ಕೋಲ್ಕತಾದಿಂದ."

ಪ್ರಸನ್ನ ತಟ್ಟನೆ ತಲೆ ಎತ್ತಿದ. ಅವಳು ಅವನನ್ನೇ ನೋಡುತ್ತಾ ಮಾತು ಮುಂದುವರಿಸಿದಳು. ಒಂಬತ್ತನೇ ಕ್ಲಾಸು, ಅಮ್ಮನ ಕಾಯಿಲೆ, ಅಕ್ಕನ ಸುಳ್ಳು, ಮಕ್ಕಳ ಪಾಠ, ಒಂದನ್ನೂ ಬಿಡಲಿಲ್ಲ. ಅವನ ಕಣ್ಣಂಚಿನಲ್ಲಿ ನಗು ಸ್ವಲ್ಪಸ್ವಲ್ಪವೇ ಅರಳುವುದು ಕಾಣುತ್ತಿತ್ತು.

ಗೋಡೆಯ ಮೇಲಿನ ಮೀಟರಿನ ಕೆಂಪು ಅಂಕಿಗಳು ಓಡಿದವು.

"ನನಗೆ ಬೇಸರ ಆಗಿದೆ," ಅಂದರು ಜಯಂತಮ್ಮ. "ನಿನ್ನ ಮೇಲೆ ಅಲ್ಲ, ನಿನ್ನ ಅಕ್ಕನ ಮೇಲೆ. ಅವಳ ಹತ್ತಿರ ನಾನು ಮಾತಾಡ್ತೇನೆ, ಮದುವೆಗೆ ಬಂದಾಗ." ತುಸು ತಡೆದರು. "ಮತ್ತೆ, ನಿಶ್ಚಿತಾರ್ಥ ಆಗುವ ಮೊದಲೇ ಅತ್ತೆ ಅಂದಿಯಲ್ಲ ಹುಡುಗಿ. ಹಾಗೆ ಕರೀಲಿಕ್ಕೆ ಯಾರು ಹೇಳಿಕೊಟ್ಟದ್ದು?"

ಬಾಗಿಲಿಗೆ ಒರಗಿದವನ ಕಿವಿ ಕೆಂಪಾಗಿತ್ತು.

"ಯಾರೂ ಇಲ್ಲ," ಅಂದಳು ಶೋಭನಾ. "ನಾನೇ ಕಲಿತದ್ದು."